ಹನ್ನೆರಡು ಅಂಕಿಗೆ ಕಾವಲಿದೆ, ಸರ್ವೆ ನಂಬರಿಗೆ ಇಲ್ಲ

ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಚುರುಕುಗೊಳಿಸಿದ ಮೇಲೆ ಕೊಡಗಿನ ನಾಡಕಚೇರಿಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಉದ್ದುದ್ದ ಸಂಖ್ಯೆಗಳನ್ನು ಓದಿ ಹೇಳುವುದು, ಕೇಳಿ ಒತ್ತುವುದು ಹೆಚ್ಚಾಗಿದೆ. ಒಂದೇ ಅರ್ಜಿಯಲ್ಲಿ ಆಧಾರ್‌ನ 12 ಅಂಕಿ, ಮೊಬೈಲಿನ 10 ಅಂಕಿ, ಬ್ಯಾಂಕ್ ಖಾತೆಯ 9ರಿಂದ 18 ಅಂಕಿ, ಜೊತೆಗೆ ಸರ್ವೆ ನಂಬರ್, ಹಿಸ್ಸಾ ನಂಬರ್. ನೋಡಲು ಎಲ್ಲವೂ ಬರೀ ಅಂಕಿಗಳೇ. ಆದರೆ ಆಧಾರ್‌ನಲ್ಲಿ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಯಾವ ತಡೆಯೂ ಇಲ್ಲ, ಪಕ್ಕದವರ ತೋಟದ ಪಹಣಿ ತೆರೆದುಕೊಳ್ಳುತ್ತದೆ.

ಈ ವ್ಯತ್ಯಾಸ ಸಾಫ್ಟ್‌ವೇರ್ ಬರೆದವರ ಜಾಣತನದಿಂದ ಬಂದದ್ದಲ್ಲ, ಆ ಸಂಖ್ಯೆಗಳನ್ನು ಕಟ್ಟಿರುವ ಗಣಿತದಿಂದ ಬಂದದ್ದು. ಯಾವ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಯಾವುದನ್ನು ಎರಡು ಸಲ ನೋಡಲೇಬೇಕು ಎಂಬುದು ಆ ಗಣಿತ ಗೊತ್ತಿದ್ದರೆ ತಾನಾಗಿ ತಿಳಿಯುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಒಂದೇ ಪಹಣಿಯಲ್ಲಿ ಯಜಮಾನರಾದ ಪಟ್ಟೆದಾರರಿಂದ ಹಿಡಿದು ಒಕ್ಕದ (ಮನೆತನದ) ಹಲವರ ಹೆಸರು ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ತಿಳಿದಿರುವುದು ಅಗತ್ಯ.

ಕೈ ತಪ್ಪುವುದು ಹೇಗೆ

ಮನುಷ್ಯರು ಸಂಖ್ಯೆಗಳನ್ನು ನಕಲು ಮಾಡುವಾಗ ಮನಬಂದಂತೆ ತಪ್ಪುವುದಿಲ್ಲ, ತಪ್ಪಿಗೂ ಒಂದು ರೀತಿಯಿದೆ. ನೆದರ್‌ಲ್ಯಾಂಡ್ಸ್‌ನ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಲೆಕ್ಕ ಸಿಗುತ್ತದೆ. ಸುಮಾರು 79% ತಪ್ಪುಗಳಲ್ಲಿ ಒಂದೇ ಒಂದು ಅಂಕಿ ಬದಲಾಗಿರುತ್ತದೆ: 1ರ ಜಾಗದಲ್ಲಿ 7, 3ರ ಜಾಗದಲ್ಲಿ 8. ಸುಮಾರು 10% ತಪ್ಪುಗಳಲ್ಲಿ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುತ್ತವೆ: 36 ಹೋಗಿ 63. ಉಳಿದವು ಚಿಲ್ಲರೆ. ಒಂದರ ಆಚೆಯ ಅಂಕಿಗಳು ಅದಲುಬದಲಾಗುವುದು, 22 ಹೋಗಿ 55 ಆಗುವಂಥ ಜೋಡಿ ತಪ್ಪು, ಕೇಳಿಸಿಕೊಳ್ಳುವಾಗಿನ ತಪ್ಪು ಇತ್ಯಾದಿ.

ಕೊಡಗಿನಲ್ಲಿ ಈ ಕೊನೆಯ ಬಗೆ ತುಸು ಹೆಚ್ಚೇ ಇರಬೇಕು ಎಂಬುದು ನಮ್ಮ ಅಂದಾಜು. ಹೇಳುವವರು ಕೊಡವ ತಕ್ಕ್‌ನಲ್ಲೋ ಮಲಯಾಳದಲ್ಲೋ ತುಳುವಿನಲ್ಲೋ ಎಣಿಸಿಕೊಂಡು ಕನ್ನಡದಲ್ಲಿ ಹೇಳುತ್ತಾರೆ, ಒತ್ತುವವರು ಅದನ್ನು ಇಂಗ್ಲಿಷಿನಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ‘ಡಬಲ್ ಫೋರ್’ ಎಂದಾಗ 44 ಒತ್ತುವ ಬದಲು 24 ಒತ್ತುವುದು ಹೀಗೆಯೇ. ಅಂಕಿಗಳನ್ನು ನಾಲ್ಕು ನಾಲ್ಕಾಗಿ ಮುರಿದು, ಒಂದೊಂದನ್ನೂ ಬಿಡಿಯಾಗಿ, ಒಂದೇ ಭಾಷೆಯಲ್ಲಿ ಹೇಳುವುದು ಇದಕ್ಕೆ ಸರಳ ಪರಿಹಾರ.

ಗಣಿತಕ್ಕೆ ಮುಖ್ಯವಾದದ್ದು ಮೊದಲ ಎರಡು ಬಗೆ. ಇವೆರಡನ್ನೇ ತಪ್ಪದೆ ಹಿಡಿದರೂ ಹತ್ತರಲ್ಲಿ ಒಂಬತ್ತು ತಪ್ಪು ಹಿಡಿದಂತಾಯಿತು. ಅದಕ್ಕಾಗಿ ಸಂಖ್ಯೆಯ ಕೊನೆಗೆ ಇನ್ನೊಂದು ಅಂಕಿ ಸೇರಿಸುತ್ತಾರೆ. ಚೆಕ್ ಡಿಜಿಟ್ ಎಂದು ಕರೆಯುವ ಇದನ್ನು ಇಲ್ಲಿ ತಾಳೆ ಅಂಕಿ ಎನ್ನೋಣ. ಅದಕ್ಕೆ ಸ್ವಂತ ಮಾಹಿತಿ ಏನೂ ಇಲ್ಲ. ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟದ್ದು.

ಹತ್ತು ಎಂಬ ಸಂಖ್ಯೆಯ ತೊಡಕು

ಶಾಲೆಯಲ್ಲಿ ಕಲಿತ 9ರ ತಾಳೆ ಎಲ್ಲರಿಗೂ ನೆನಪಿರುತ್ತದೆ: ಅಂಕಿಗಳನ್ನೆಲ್ಲ ಕೂಡಿ 9ರಿಂದ ಭಾಗಿಸಿ ಶೇಷ ನೋಡುವುದು. ಗುಣಾಕಾರ ಸರಿಯಿದೆಯೇ ಎಂದು ನೋಡಲು ಅದು ಒಳ್ಳೆಯದು. ನಕಲಿನ ತಪ್ಪು ಹಿಡಿಯಲು ಬಾರದು, ಏಕೆಂದರೆ ಅಂಕಿಗಳ ಮೊತ್ತಕ್ಕೆ ಅವುಗಳ ಜಾಗ ಲೆಕ್ಕಕ್ಕಿಲ್ಲ. 36 ಆದರೂ 63 ಆದರೂ ಮೊತ್ತ 9. ಅದಲುಬದಲು ಒಂದೂ ಸಿಕ್ಕುವುದಿಲ್ಲ, 0 ಹೋಗಿ 9 ಆದರೂ ಗೊತ್ತಾಗುವುದಿಲ್ಲ.

ಹಾಗಾದರೆ ಪ್ರತಿ ಜಾಗಕ್ಕೂ ಬೇರೆ ಬೇರೆ ತೂಕ ಕೊಟ್ಟು ಗುಣಿಸಿ ಕೂಡಿದರೆ? ಅಂಗಡಿಯ ಕಾಫಿ ಪುಡಿ ಪೊಟ್ಟಣದ ಮೇಲಿನ 13 ಅಂಕಿಯ ಬಾರ್‌ಕೋಡ್ ಮಾಡುವುದು ಇದನ್ನೇ. ಭಾರತದಲ್ಲಿ ನೋಂದಾಯಿಸಿದ ಬಾರ್‌ಕೋಡ್ 890ರಿಂದ ಶುರುವಾಗುತ್ತದೆ. ಎಡದಿಂದ ಒಂದು ಬಿಟ್ಟು ಒಂದು ಅಂಕಿಗೆ 1 ಮತ್ತು 3ರ ತೂಕ. ಮಾದರಿಗೆ 890123456789 ತೆಗೆದುಕೊಳ್ಳಿ. 1ರ ತೂಕದವು 8, 0, 2, 4, 6, 8, ಮೊತ್ತ 28. 3ರ ತೂಕದವು 9, 1, 3, 5, 7, 9. ಮೊತ್ತ 34, ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಹತ್ತರಿಂದ ಪೂರ್ತಿ ಭಾಗವಾಗಲು ಇನ್ನೇನೂ ಬೇಡವಾದ್ದರಿಂದ ತಾಳೆ ಅಂಕಿ 0.

ಇದು ಒಂದಂಕಿ ತಪ್ಪನ್ನು ಪೂರ್ತಿ ಹಿಡಿಯುತ್ತದೆ. ಅದಲುಬದಲನ್ನು ಪೂರ್ತಿ ಹಿಡಿಯುವುದಿಲ್ಲ. 38 ಹೋಗಿ 83 ಆದರೆ ಮೊತ್ತ ಸರಿಯಾಗಿ 10ರಷ್ಟು ಬದಲಾಗುತ್ತದೆ, ಅಂದರೆ ಶೇಷದಲ್ಲಿ ಏನೂ ಬದಲಾಗುವುದಿಲ್ಲ. 05, 16, 27, 38, 49: ಹೀಗೆ ನಡುವಿನ ಅಂತರ 5 ಇರುವ ಐದೂ ಜೋಡಿಗಳು ತಪ್ಪಿಸಿಕೊಳ್ಳುತ್ತವೆ. ಒಟ್ಟು 45 ಜೋಡಿಗಳಲ್ಲಿ 5, ಎಂದರೆ ಒಂಬತ್ತರಲ್ಲಿ ಒಂದು. ಬಾರ್‌ಕೋಡನ್ನು ಯಂತ್ರ ಓದುವುದರಿಂದ ಅಲ್ಲಿ ಇದು ದೊಡ್ಡ ಕೊರತೆಯಲ್ಲ.

ತೂಕಗಳನ್ನು ಬದಲಾಯಿಸಿ ಈ ತೂತು ಮುಚ್ಚಬಹುದೇ? ಆಗದು, ಮತ್ತು ಏಕೆ ಆಗದು ಎಂಬುದು ಈ ಇಡೀ ವಿಷಯದ ತಿರುಳು. ಒಂದಂಕಿ ತಪ್ಪನ್ನು ಪೂರ್ತಿ ಹಿಡಿಯಬೇಕಾದರೆ ತೂಕಕ್ಕೂ 10ಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರಬಾರದು. ತೂಕ 2 ಇದ್ದರೆ 1 ಮತ್ತು 6 ಒಂದೇ ಶೇಷ ಕೊಡುತ್ತವೆ, ತೂಕ 5 ಇದ್ದರೆ ಎಲ್ಲ ಸರಿಸಂಖ್ಯೆಗಳೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಉಳಿಯುವ ತೂಕಗಳು 1, 3, 7, 9 ಮಾತ್ರ. ನಾಲ್ಕೂ ಬೆಸಸಂಖ್ಯೆಗಳು. ಎರಡು ಬೆಸಸಂಖ್ಯೆಗಳ ವ್ಯತ್ಯಾಸ ಯಾವಾಗಲೂ ಸರಿಸಂಖ್ಯೆ. ಅದಲುಬದಲಾದಾಗ ಮೊತ್ತದಲ್ಲಿ ಆಗುವ ಬದಲಾವಣೆ ಎಂದರೆ ಈ ವ್ಯತ್ಯಾಸವನ್ನು ಎರಡು ಅಂಕಿಗಳ ಅಂತರದಿಂದ ಗುಣಿಸಿದ್ದು. ಅಂತರ 5 ಇದ್ದಾಗ, ಸರಿಸಂಖ್ಯೆ ಗುಣಿಸು 5, ಹತ್ತರ ಗುಣಕವೇ ಆಗುತ್ತದೆ. ಯಾವ ತೂಕ ಆರಿಸಿದರೂ ಇದರಿಂದ ಪಾರಾಗಲು ದಾರಿಯಿಲ್ಲ. ದೋಷ ಇರುವುದು 10 ಎಂಬುದು 2 ಮತ್ತು 5ರ ಗುಣಲಬ್ಧ ಎಂಬಲ್ಲಿ.

ಡೆಬಿಟ್ ಕಾರ್ಡಿನ ಅಂಕಿಗಳಲ್ಲಿ ಬಳಸುವ ಲೂನ್ ವಿಧಾನ ಇದನ್ನು ಬಹುಪಾಲು ಸುಧಾರಿಸುತ್ತದೆ. ಐಬಿಎಂನ ಹಾನ್ಸ್ ಪೀಟರ್ ಲೂನ್ ಅವರಿಗೆ 1960ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಬಲದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ, ಬಂದದ್ದು ಎರಡಂಕಿಯಾದರೆ ಆ ಎರಡನ್ನೂ ಕೂಡುತ್ತಾರೆ. ಆಗ 38 ಮತ್ತು 83 ಬೇರೆಯಾಗುತ್ತವೆ. ಆದರೂ 09 ಮತ್ತು 90 ಮಾತ್ರ ಒಂದೇ ಆಗಿ ಉಳಿಯುತ್ತವೆ, ಏಕೆಂದರೆ 9ರ ಇಮ್ಮಡಿ 18, ಅದರ ಅಂಕಿಗಳ ಮೊತ್ತ ಮತ್ತೆ 9. ಜೋಡಿ ತಪ್ಪುಗಳಲ್ಲಿ 22–55, 33–66, 44–77 ಕೂಡ ಜಾರಿಹೋಗುತ್ತವೆ.

ಪಂಚಭುಜದ ಲೆಕ್ಕ

ಆಧಾರ್‌ನ ಹನ್ನೆರಡನೆಯ ಅಂಕಿ ವರ್ಹೂಫ್ ವಿಧಾನದ್ದು. ಸಾಮಾನ್ಯ ಕೂಡುವಿಕೆಯಲ್ಲಿ 3+6 ಆದರೂ 6+3 ಆದರೂ ಒಂದೇ. ವರ್ಹೂಫ್ ಆ ಕೂಡುವಿಕೆಯನ್ನೇ ಬಿಟ್ಟರು. ಬದಿಗಳೂ ಕೋನಗಳೂ ಸಮನಾದ ಪಂಚಭುಜವನ್ನು ಅದರ ಜಾಗದಲ್ಲೇ ಕೂರುವಂತೆ ಐದು ಬಗೆಯಲ್ಲಿ ತಿರುಗಿಸಬಹುದು, ಐದು ಬಗೆಯಲ್ಲಿ ಮಗುಚಬಹುದು. ಒಟ್ಟು ಹತ್ತು ಕ್ರಿಯೆ, ಹತ್ತು ಅಂಕಿ. ಇಲ್ಲಿ ತಿರುಗಿಸಿ ಮಗುಚಿದರೆ ಬರುವುದೇ ಬೇರೆ, ಮಗುಚಿ ತಿರುಗಿಸಿದರೆ ಬರುವುದೇ ಬೇರೆ. ಅಂಕಿಗಳ ಕ್ರಮ ಲೆಕ್ಕದೊಳಗೇ ಸೇರಿಹೋಯಿತು.

ದೊಡ್ಡ ಕೋಷ್ಟಕಗಳಿಲ್ಲದೆ ಇದನ್ನು ಕಾಗದದ ಮೇಲೆ ಮಾಡಬಹುದು. ಬೇಕಾದ ನಿಯಮಗಳು ಎರಡೇ.

ಮೊದಲನೆಯದು ಅಂಕಿ ಸರಿಸುವ ನಿಯಮ. 0, 1, 5, 8, 9, 4, 2, 7 ಇವನ್ನು ವೃತ್ತಾಕಾರದಲ್ಲಿ ಬರೆದುಕೊಳ್ಳಿ. 7ರ ಮುಂದೆ ಮತ್ತೆ 0. ಉಳಿದ 3 ಮತ್ತು 6 ಪರಸ್ಪರ ಬದಲಾಗುತ್ತವೆ. ಸಂಖ್ಯೆಯ ಬಲತುದಿಯ ಅಂಕಿಯನ್ನು ಇದ್ದಂತೆಯೇ ತೆಗೆದುಕೊಳ್ಳಿ, ಅದರ ಎಡದ್ದನ್ನು ಒಂದು ಹೆಜ್ಜೆ ಸರಿಸಿ, ಅದರ ಎಡದ್ದನ್ನು ಎರಡು ಹೆಜ್ಜೆ, ಹೀಗೆ ಮುಂದಕ್ಕೆ.

ಎರಡನೆಯದು ಸೇರಿಸುವ ನಿಯಮ. ಕೈಯಲ್ಲಿ ಮೊದಲು 0 ಇರುತ್ತದೆ. ಕೈಯಲ್ಲಿರುವುದೂ ಬರುವುದೂ 5ಕ್ಕಿಂತ ಕಡಿಮೆ ಇದ್ದರೆ ಕೂಡಿ 5ರಿಂದ ಭಾಗಿಸಿದ ಶೇಷ ತೆಗೆದುಕೊಳ್ಳಿ. ಕೈಯಲ್ಲಿರುವುದು 5ಕ್ಕಿಂತ ಕಡಿಮೆ, ಬರುವುದು 5 ಅಥವಾ ಹೆಚ್ಚು ಇದ್ದರೆ ಅದೇ ಶೇಷಕ್ಕೆ 5 ಸೇರಿಸಿ. ಕೈಯಲ್ಲಿರುವುದು 5 ಅಥವಾ ಹೆಚ್ಚಿದ್ದರೆ ಕೂಡುವ ಬದಲು ಕಳೆಯಬೇಕು: ಬರುವುದು 5ಕ್ಕಿಂತ ಕಡಿಮೆ ಇದ್ದರೆ ಕಳೆದು ಶೇಷಕ್ಕೆ 5 ಸೇರಿಸಿ, ಬರುವುದೂ 5 ಅಥವಾ ಹೆಚ್ಚಿದ್ದರೆ ಕಳೆದ ಶೇಷವಷ್ಟೇ ಸಾಕು. ಕಳೆದಾಗ ಋಣ ಸಂಖ್ಯೆ ಬಂದರೆ 5 ಕೂಡಿಕೊಳ್ಳಿ. ಎಲ್ಲ ಅಂಕಿ ಮುಗಿದಾಗ ಕೈಯಲ್ಲಿ 0 ಉಳಿದರೆ ಸಂಖ್ಯೆ ಸರಿ.

ಯಾರದೋ ಆಧಾರ್ ಇಲ್ಲಿ ಬರಬಾರದೆಂದು ನಾಲ್ಕಂಕಿಯ 2363 ನೋಡೋಣ. ಬಲದ 3 ಇದ್ದಂತೆ, ಕೈಯಲ್ಲಿ 3. ಮುಂದಿನ 6 ಒಂದು ಹೆಜ್ಜೆ ಸರಿದು 3 ಆಗುತ್ತದೆ; 3+3=6, ಶೇಷ 1. ಅದರ ಮುಂದಿನ 3 ಎರಡು ಹೆಜ್ಜೆಯಲ್ಲಿ 6 ಆಗಿ ಮತ್ತೆ 3; 1+3=4. ಎಡತುದಿಯ 2 ಮೂರು ಹೆಜ್ಜೆಯಲ್ಲಿ 7, 0, 1; 4+1=5, ಶೇಷ 0. ಸಂಖ್ಯೆ ಸರಿ. ಈಗ ಕೈತಪ್ಪಿ 2633 ಆಯಿತು ಎಂದುಕೊಳ್ಳಿ. ಬಲದ 3 ಇದ್ದಂತೆ. ಮುಂದಿನ 3 ಸರಿದು 6; 3+6=9, ಶೇಷ 4, ಐದು ಸೇರಿ 9. ಅದರ ಮುಂದಿನ 6 ಎರಡು ಹೆಜ್ಜೆಯಲ್ಲಿ ಮತ್ತೆ 6; ಈಗ ಕಳೆಯಬೇಕು, 9−6=3. ಕೊನೆಗೆ 3+1=4. ಸೊನ್ನೆ ಬರಲಿಲ್ಲ, ತಪ್ಪು ಸಿಕ್ಕಿತು.

ಒಂದಂಕಿ ತಪ್ಪು ಮತ್ತು ಅಕ್ಕಪಕ್ಕದ ಅದಲುಬದಲು, ಎರಡನ್ನೂ ಈ ವಿಧಾನ ಒಂದನ್ನೂ ಬಿಡದೆ ಹಿಡಿಯುತ್ತದೆ. ಬೇರೆ ಯಾವುದಾದರೂ ಎರಡು ಅಂಕಿ ಒಟ್ಟಿಗೆ ತಪ್ಪಿದರೆ ಒಂಬತ್ತರಲ್ಲಿ ಒಂದು ಸಲದಷ್ಟು ಜಾರಿಹೋಗಬಹುದು. ಅದರ ಲೆಕ್ಕ ಕಷ್ಟವಿಲ್ಲ: ಮೊದಲ ಜಾಗದಲ್ಲಿ 9 ಬಗೆಯ ತಪ್ಪು, ಎರಡನೆಯದರಲ್ಲಿ 9 ಬಗೆ, ಒಟ್ಟು 81. ಮೊದಲ ಜಾಗದ ಪ್ರತಿ ತಪ್ಪಿಗೂ ಅದನ್ನು ಮುಚ್ಚಿಹಾಕುವ ಅಂಕಿ ಎರಡನೆಯ ಜಾಗದಲ್ಲಿ ಒಂದೇ ಒಂದು ಇರುತ್ತದೆ. 81ರಲ್ಲಿ 9.

ನೆರೆ ಖಾಲಿ ಇದ್ದರೆ ಕ್ಷೇಮ

ತಾಳೆ ಅಂಕಿಯನ್ನು ದಾಟಿ ಹೋದ ತಪ್ಪು ಸಂಖ್ಯೆ ಇನ್ನೊಬ್ಬರದ್ದಾಗಿರುವ ಸಾಧ್ಯತೆ ಎಷ್ಟು? ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಮೊದಲ ಅಂಕಿಗೆ 8 ಆಯ್ಕೆ, ಮುಂದಿನ ಹತ್ತಕ್ಕೆ ತಲಾ 10, ಕೊನೆಯದು ಲೆಕ್ಕದಿಂದ ಬರುವುದು. ಅಂದರೆ ತಾಳೆಯಾಗುವ ಸಂಖ್ಯೆಗಳು 8,000 ಕೋಟಿ. ಕೊಟ್ಟಿರುವವು ಸುಮಾರು 140 ಕೋಟಿ ಎಂದು ಹಿಡಿದರೆ ತುಂಬಿರುವುದು 1.75%, ಅಂದರೆ 57ರಲ್ಲಿ ಒಂದು. ಹನ್ನೊಂದು ಅಂಕಿಗಳೂ ಯಾದೃಚ್ಛಿಕವಾಗಿ ಬಂದವು, ಊರು, ವಯಸ್ಸು, ಜಾತಿ ಯಾವುದರ ಗುರುತೂ ಅವುಗಳಲ್ಲಿಲ್ಲ. ಆದ್ದರಿಂದ ಎರಡಂಕಿ ತಪ್ಪಿದ ಸಂಖ್ಯೆ ತಾಳೆಯನ್ನೂ ದಾಟಿ, ನಿಜವಾದ ಇನ್ನೊಬ್ಬರ ಮೇಲೆ ಹೋಗಿ ಬೀಳುವುದು ಐನೂರರಲ್ಲಿ ಒಂದರಷ್ಟು. ಅದರಾಚೆಗೆ ಒಟಿಪಿ ಇದೆ, ಹೆಸರು ಹೋಲಿಸುವುದಿದೆ.

ದೊಡ್ಡ ಸಂಖ್ಯೆಯ ಬಲ ಇರುವುದು ಇಲ್ಲೇ. ಅದರ ಸುತ್ತಮುತ್ತ ಹೆಚ್ಚಿನವು ಯಾರಿಗೂ ಸೇರದ ಖಾಲಿ ಸಂಖ್ಯೆಗಳು.

ಸರ್ವೆ ನಂಬರಿನ ಸ್ಥಿತಿ ಇದಕ್ಕೆ ನೇರ ವಿರುದ್ಧ. ಗ್ರಾಮದಲ್ಲಿ 1ರಿಂದ ಶುರುವಾಗಿ ಸಾಲಾಗಿ ಎಲ್ಲ ಸಂಖ್ಯೆಗಳೂ ತುಂಬಿರುತ್ತವೆ. 84 ಎಂಬುದು 34 ಆದರೆ 34 ಇದ್ದೇ ಇದೆ. 48 ಆದರೆ 48 ಕೂಡ ಇದೆ. ಅದರ ಮೇಲೆ ಹಿಸ್ಸಾ, ಪೋಡಿ (ಅಳೆದು ಪಾಲು ಬೇರ್ಪಡಿಸುವುದು) ಆಗದ ಕಡೆ ‘ಪೈಕಿ’. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಲ್ಲವನ್ನೂ ಆರಿಸಿದಾಗ ಮಾತ್ರ ಒಂದು ಪಹಣಿ ನಿರ್ದಿಷ್ಟವಾಗುತ್ತದೆ, ಮತ್ತು ಈ ಪ್ರತಿ ಹಂತದಲ್ಲೂ ತಪ್ಪು ಆಯ್ಕೆಯೂ ನಿಜವಾದ ಆಯ್ಕೆಯೇ. ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ ಹಳೆಯ ದಾಖಲೆಯಲ್ಲಿ ವಿರಾಜಪೇಟೆ, ಸೋಮವಾರಪೇಟೆ ಎಂದಿರುವುದನ್ನು ಹಾಗೆಯೇ ನಕಲು ಮಾಡಿದರೆ ಹುಡುಕಾಟ ತಾಲ್ಲೂಕಿನ ಹಂತದಲ್ಲೇ ದಾರಿ ತಪ್ಪುತ್ತದೆ. ಕೈಬರಹದ ಹಳೆಯ ಪಹಣಿಯ ೬ ಮತ್ತು ೯ ಇನ್ನೊಂದು ತೊಂದರೆ. ಮಳೆಗಾಲದ ತೇವ ಹಿಡಿದ ಕಾಗದದಲ್ಲಿ ಇವೆರಡನ್ನು ಬೇರ್ಪಡಿಸಲು ಪಕ್ಕದ ಪುಟದ ಬರಹವನ್ನೂ ನೋಡಬೇಕಾಗುತ್ತದೆ.

ಹಾಗಾದರೆ ಸರ್ವೆ ನಂಬರಿಗೆ ತಾಳೆ ಯಾವುದು? ಹಿಂದಿನವರು ಅದನ್ನು ಬೇರೆ ರೂಪದಲ್ಲಿ ಇಟ್ಟಿದ್ದಾರೆ: ವಿಸ್ತೀರ್ಣ, ಖಾತೆ ನಂಬರ್, ಚಕ್ಕುಬಂದಿ. ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಬರೆಯುವ ಪದ್ಧತಿಯನ್ನು ಹಳೆಯ ಕಾಲದ ಅಲಂಕಾರ ಎಂದು ತಿಳಿಯಬಾರದು. ಒಂದೇ ಜಮೀನನ್ನು ಬೇರೆ ಬೇರೆ ದಾರಿಯಿಂದ ಎರಡನೆಯ ಸಲ ಹೇಳುವುದು ಅದು, ತಾಳೆ ಅಂಕಿ ಮಾಡುವ ಕೆಲಸವೂ ಅದೇ. ಆಧಾರ್ ಜೋಡಿಸುವ ಮೊದಲು ಪರದೆಯ ಮೇಲೆ ತೆರೆದ ಪಹಣಿಯ ವಿಸ್ತೀರ್ಣವನ್ನೂ ಖಾತೆ ನಂಬರನ್ನೂ ಕೈಯಲ್ಲಿರುವ ಪ್ರತಿಯೊಂದಿಗೆ ಹೋಲಿಸಿದರೆ ಸರ್ವೆ ನಂಬರಿನ ತಪ್ಪು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ಹೆಸರೊಂದನ್ನೇ ನೋಡಿದರೆ ಸಾಲದು. ಜಮ್ಮಾ ಜಮೀನಿನಲ್ಲಿ ಅಕ್ಕಪಕ್ಕದ ಗದ್ದೆ, ಬಾಣೆ ಎಲ್ಲ ಒಂದೇ ಒಕ್ಕದ ಹೆಸರಿನಲ್ಲಿರುವುದು ಸಾಮಾನ್ಯ; ಹೆಸರು ಸರಿ, ಜಮೀನು ಬೇರೆ ಎಂಬ ತಪ್ಪು ಆಗುವುದು ಅಲ್ಲೇ.

ಜಮೀನಿನ ತುಂಡುಗಳಿಗೆ 14 ಅಂಕಿ-ಅಕ್ಷರಗಳ ‘ಭೂ-ಆಧಾರ್’ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದೆ. ಅದು ಜಮೀನಿನ ಅಕ್ಷಾಂಶ-ರೇಖಾಂಶದಿಂದ ಹುಟ್ಟುವ ಸಂಖ್ಯೆ. ಗಡಿ ಗುರುತಿಸಿದ ನಕ್ಷೆ ಮೊದಲು ಇರಬೇಕು, ಆಮೇಲೆ ಸಂಖ್ಯೆ. ಪೋಡಿ ಆಗದ ಜಂಟಿ ಹಿಡುವಳಿಗಳಲ್ಲಿ ಆ ನಕ್ಷೆಯದ್ದೇ ಮೊದಲ ಪ್ರಶ್ನೆ.

ಖಾತೆ ನಂಬರ್, ಎಕ್ಸೆಲ್, ಕೊನೆಯ ನಾಲ್ಕಂಕಿ

ಬ್ಯಾಂಕ್ ಖಾತೆ ಸಂಖ್ಯೆಗಳಿಗೆ ದೇಶಕ್ಕೆಲ್ಲ ಒಂದೇ ಆದ ತಾಳೆ ಅಂಕಿಯ ನಿಯಮವಿಲ್ಲ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ, ಹೆಸರಿನ ಮೇಲಲ್ಲ. ಹೀಗಾಗಿ ನಕಲಿನ ತಪ್ಪಿನಿಂದ ನೇರವಾಗಿ ದುಡ್ಡು ಹೋಗುವ ಜಾಗ ಇದು. ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು ಆರ್‌ಟಿಜಿಎಸ್, ನೆಫ್ಟ್ ಎರಡಕ್ಕೂ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಕಾಫಿ ಮಾರಿದ ಹಣವೋ ಕೂಲಿಯ ಹಣವೋ, ದೊಡ್ಡ ಮೊತ್ತ ಕಳಿಸುವವರು ಆ ಹೆಸರು ನೋಡದೆ ಮುಂದೆ ಹೋಗಬಾರದು. ಖಾತೆ ಸಂಖ್ಯೆಯನ್ನು ಎರಡು ಸಲ ಕೇಳುವ ನಮೂನೆ ಉಪಯೋಗಕ್ಕೆ ಬರುವುದು ಎರಡನೆಯ ಸಲವೂ ಪಾಸ್‌ಬುಕ್ ನೋಡಿ ಒತ್ತಿದರೆ ಮಾತ್ರ. ಮೇಲಿನದ್ದನ್ನು ಕಾಪಿ ಮಾಡಿ ಕೆಳಗೆ ಪೇಸ್ಟ್ ಮಾಡಿದರೆ ಅದು ತಾಳೆಯಲ್ಲ.

ಬೆಳೆಹಾನಿ ಪರಿಹಾರದ ಹಣ ಬಾರದೆ ಇರುವುದಕ್ಕೆ ಇನ್ನೊಂದು ಕಾರಣವಿದೆ, ಅದು ಅಂಕಿತಪ್ಪಲ್ಲ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಸಂಖ್ಯೆ ಸರಿಯಾಗಿಯೇ ಇದ್ದು ಹಣ ಮರೆತುಹೋದ ಖಾತೆಯಲ್ಲಿ ಬಿದ್ದಿರಬಹುದು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಮೊದಲು ನೋಡಿ.

ಸಹಕಾರ ಸಂಘಗಳು, ತೋಟದ ಕಚೇರಿಗಳು ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಇಡುತ್ತವೆ. ಅಲ್ಲಿ ದೊಡ್ಡ ಸಂಖ್ಯೆಗೆ ಬೇರೆಯದೇ ಕಂಟಕ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯದು ಸದ್ದಿಲ್ಲದೆ 0 ಆಗುತ್ತದೆ. 18 ಅಂಕಿಯದಾದರೆ ಕೊನೆಯ ಮೂರೂ 0. ಮುಂದೆ ಸೊನ್ನೆ ಇದ್ದರೆ ಅದು ಅಳಿಸಿಹೋಗುತ್ತದೆ. 12 ಅಂಕಿಯ ಆಧಾರ್ ಒಳಗೆ ಸರಿಯಾಗಿ ಉಳಿದರೂ 2.34568E+11 ಎಂಬಂತೆ ಕಾಣಿಸುತ್ತದೆ, ಹಾಗೆ ಕಾಣುವಾಗಲೇ ಸಿಎಸ್‌ವಿ ಆಗಿ ಉಳಿಸಿದರೆ ಕೊನೆಯ ಅಂಕಿಗಳು ನಿಜವಾಗಿಯೇ ಹೋಗುತ್ತವೆ. ಅಂಕಿ ಹಾಕುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಾಯಿಸಬೇಕು. ಹಾಕಿದ ಮೇಲೆ ಬದಲಾಯಿಸಿದರೆ ಹೋದ ಅಂಕಿ ಮರಳುವುದಿಲ್ಲ. ಇವು ಕೂಡಿ ಕಳೆಯುವ ಸಂಖ್ಯೆಗಳಲ್ಲ, ಹೆಸರಿನಂತೆ ಬರೆದಿಡುವ ಅಂಕಿಸಾಲುಗಳು, ಹಾಗೆಯೇ ಇಡಬೇಕು.

ಮರೆಮಾಡಿದ ಆಧಾರ್‌ನಲ್ಲಿ ಕಾಣುವ ಕೊನೆಯ ನಾಲ್ಕಂಕಿಯನ್ನೇ ಸದಸ್ಯರ ಗುರುತಾಗಿ ಬಳಸುವ ಯೋಚನೆ ಸಹಜ. ಅದು ಬೇಡ. ನಾಲ್ಕಂಕಿಗೆ 10,000 ಸಾಧ್ಯತೆ ಇರುವುದರಿಂದ ಸಾವಿರ ಜನರ ಸಂಘಕ್ಕೆ ಧಾರಾಳ ಎನಿಸುತ್ತದೆ. ಆದರೆ ಸುಮಾರು 120 ಜನ ಸೇರಿದರೆ ಸಾಕು, ಅವರಲ್ಲಿ ಯಾರೋ ಇಬ್ಬರ ಕೊನೆಯ ನಾಲ್ಕಂಕಿ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. 500 ಸದಸ್ಯರಿದ್ದರೆ 1,24,750 ಜೋಡಿಗಳು. 10,000ದಿಂದ ಭಾಗಿಸಿದರೆ ಸರಾಸರಿ ಹನ್ನೆರಡು ಜೋಡಿಗಳಲ್ಲಿ ಗುರುತು ಒಂದೇ ಆಗಿರುತ್ತದೆ. ಒಬ್ಬರ ಗೊಬ್ಬರ ಇನ್ನೊಬ್ಬರ ಲೆಕ್ಕಕ್ಕೆ ಹೋಗಲು ಇಷ್ಟು ಸಾಕು.

ತಾಳೆಯಾದರೆ ಅಸಲಿ ಎಂದಲ್ಲ

ತಾಳೆ ಅಂಕಿಯ ನಿಯಮ ಎಲ್ಲರಿಗೂ ತೆರೆದದ್ದು. ಮೇಲೆ ಬರೆದದ್ದನ್ನು ಓದಿದ ಯಾರು ಬೇಕಾದರೂ ತಾಳೆಯಾಗುವ ಸಂಖ್ಯೆ ಹುಟ್ಟಿಸಬಹುದು. ಅದು ಕೈತಪ್ಪನ್ನು ತಡೆಯುತ್ತದೆ, ವಂಚನೆಯನ್ನಲ್ಲ. ಅಸಲಿ ಕಾರ್ಡು ಹೌದೇ ಎಂದು ತಿಳಿಯಬೇಕಾದರೆ ಅದರ ಕ್ಯೂಆರ್ ಕೋಡನ್ನು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಆ್ಯಪ್‌ನಲ್ಲೇ ಓದಬೇಕು. ಅದರೊಳಗೆ 2048 ಬಿಟ್‌ಗಳ ಡಿಜಿಟಲ್ ಸಹಿ ಇದೆ.

ಆ ಸಹಿಯ ಹಿಂದೆಯೂ ಇರುವುದು ಒಂದು ದೊಡ್ಡ ಪೂರ್ಣಸಂಖ್ಯೆಯೇ, ಸುಮಾರು 617 ಅಂಕಿಯದು. ಅದು ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಗುಣಲಬ್ಧ ಎಲ್ಲರಿಗೂ ಗೊತ್ತು, ಅದರ ಎರಡು ಅಪವರ್ತನಗಳು ಸಹಿ ಹಾಕುವವರಿಗೆ ಮಾತ್ರ. ಸಹಿ ಸರಿಯೇ ಎಂದು ನೋಡಲು ಗುಣಲಬ್ಧ ಸಾಕು, ಹೊಸ ಸಹಿ ಹಾಕಲು ಅಪವರ್ತನಗಳು ಬೇಕು. 2020ರಲ್ಲಿ ಸಂಶೋಧಕರು ಇಂಥದೇ 250 ಅಂಕಿಯ ಸಂಖ್ಯೆಯೊಂದನ್ನು ಬಿಡಿಸಿದರು. ಒಂದೇ ಕಂಪ್ಯೂಟರ್ ಕೋರ್‌ಗೆ ಹಾಕಿ ಹೇಳುವುದಾದರೆ ಸುಮಾರು 2,700 ವರ್ಷಗಳ ಕೆಲಸ. 617 ಅಂಕಿಯದು ಇಂದಿನ ಸಾಮಾನ್ಯ ಕಂಪ್ಯೂಟರುಗಳ ಕೈಗೆ ಎಟುಕದು. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಈ ಮಾತು ನಿಲ್ಲುವುದಿಲ್ಲ. ಅದಕ್ಕೆಂದೇ ಅಮೆರಿಕದಲ್ಲಿ ಮಾನದಂಡಗಳನ್ನು ರೂಪಿಸುವ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊಸ ಬಗೆಯ ಸಹಿಗಳ ಮಾನದಂಡ ಪ್ರಕಟಿಸಿದೆ.

ಲಾಟ್ ನಂಬರಿಗೆ ನಾವೇ ಕಾವಲು ಹಾಕಬಹುದು

ಸರ್ಕಾರದ ಸಂಖ್ಯೆಗಳನ್ನು ನಾವು ಬದಲಾಯಿಸಲಾರೆವು. ಆದರೆ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಚೀಲಗಳ ಲಾಟ್ ನಂಬರ್, ಸಂಘದ ಸದಸ್ಯತ್ವ ಸಂಖ್ಯೆ ನಮ್ಮ ಕೈಯಲ್ಲಿವೆ. ರೋಬಸ್ಟಾ ಚೆರ್ರಿಯ ಲಾಟಿನಿಂದ ಎಷ್ಟು ಬೀಜ ಬಂತೆಂದು ಹೇಳುವ ಔಟ್‌ಟರ್ನ್ ಚೀಟಿ ಇನ್ನೊಂದು ಲಾಟಿನ ಹೆಸರಿಗೆ ಹೋದರೆ ಇಬ್ಬರು ಬೆಳೆಗಾರರ ಲೆಕ್ಕ ಕೆಡುತ್ತದೆ. ಇದನ್ನು ತಡೆಯಲು ಪಂಚಭುಜದ ಲೆಕ್ಕವೂ ಬೇಡ, 11 ಸಾಕು. ಅದು ಅವಿಭಾಜ್ಯ ಸಂಖ್ಯೆಯಾದ್ದರಿಂದ 10ಕ್ಕಿದ್ದ ತೊಡಕು ಅಲ್ಲಿಲ್ಲ.

ನಾಲ್ಕಂಕಿಯ ಲಾಟ್ ನಂಬರಿಗೆ ಎಡದಿಂದ 5, 4, 3, 2 ತೂಕ ಕೊಡಿ. 2718ಕ್ಕೆ 10+28+3+16=57. 57ಕ್ಕೆ 9 ಸೇರಿಸಿದರೆ 66, ಅದು 11ರಿಂದ ಪೂರ್ತಿ ಭಾಗವಾಗುತ್ತದೆ. ತಾಳೆ ಅಂಕಿ 9. ಚೀಲದ ಮೇಲೆ 27189 ಎಂದು ಬರೆಯಿರಿ. ಇಳಿಸುವವರು 72189 ಎಂದು ಬರೆದುಕೊಂಡರೆ 35+8+3+16+9=71, ಶೇಷ 5, ತಪ್ಪು ಗೊತ್ತಾಯಿತು. ಇಲ್ಲಿ ಅಕ್ಕಪಕ್ಕದವಷ್ಟೇ ಅಲ್ಲ, ಯಾವ ಎರಡು ಅಂಕಿ ಅದಲುಬದಲಾದರೂ ಸಿಗುತ್ತದೆ, ಏಕೆಂದರೆ ತಾಳೆ ಅಂಕಿಯ ತೂಕ 1 ಸೇರಿ ಐದೂ ತೂಕಗಳು ಬೇರೆ ಬೇರೆ.

ಒಂದು ಅಡಚಣೆ ಇದೆ. ಹನ್ನೊಂದರಲ್ಲಿ ಒಂದು ಸಲ ತಾಳೆ ಅಂಕಿ 10 ಬರುತ್ತದೆ, ಅದು ಒಂದಂಕಿಯಲ್ಲಿ ಹಿಡಿಸುವುದಿಲ್ಲ. ಪುಸ್ತಕಗಳ ಹಳೆಯ ಹತ್ತಂಕಿ ಐಎಸ್‌ಬಿಎನ್‌ನಲ್ಲಿ ಅಂಥ ಕಡೆ ರೋಮನ್ ಹತ್ತನ್ನು ಬರೆಯುತ್ತಿದ್ದರು. ಲಾಟ್ ನಂಬರಿಗೆ ಅದರ ಗೊಡವೆ ಬೇಡ, ಆ ಸಂಖ್ಯೆಯನ್ನೇ ಬಿಟ್ಟುಬಿಡಿ. 2712ಕ್ಕೆ ಮೊತ್ತ 45, ಬೇಕಾದದ್ದು 10. ಅದನ್ನು ಯಾರಿಗೂ ಕೊಡದೆ 2711ರ ನಂತರ 2713ಕ್ಕೆ ಹೋಗಿ. ಕೊಯ್ಲು ಶುರುವಾಗುವ ಮೊದಲೇ ಇಡೀ ಹಂಗಾಮಿನ ಸಂಖ್ಯೆಗಳನ್ನು ತಾಳೆ ಅಂಕಿ ಸಮೇತ ಪಟ್ಟಿ ಮಾಡಿ, ಒಂದು ಪ್ರತಿ ತೂಕದ ಕಾಟದ ಹತ್ತಿರ, ಒಂದು ಪ್ರತಿ ರೈಟರ ಪುಸ್ತಕದಲ್ಲಿ ಇಡಿ; ಚೀಲದ ಬಾಯಿ ಹೊಲಿಯುವಾಗ ಯಾರೂ ಗುಣಾಕಾರ ಮಾಡುತ್ತ ನಿಲ್ಲಬೇಕಾಗಿಲ್ಲ.